ಅಬುಧಾಬಿಯ ಬಚ್ಚಲು ಬಳಗ

ಅಲ್ ರೀಮ್ ಐಲ್ಯಾಂಡ್, ಅಬುಧಾಬಿ
೮ ಮೇ ೨೦೧೬, ಭಾನುವಾರ

ಪ್ರೀತಿಯ ಯಶ್ಮಿತಾಳ ಪಪ್ಪನಿಗೆ ಸ್ವರ್ಣಲತಾಳ ನಮಸ್ಕಾರ.

ಹೇಗಿದ್ದೀರಿ? ಮೊಣಗಂಟಿನ ನೋವು ಈಗ ಹೇಗಿದೆ? ಶಾಲೆಗಳು ತೆರೆಯಲು ಇನ್ನು ಮೂರೇ ವಾರ. ಮೂಲ್ಕಿಯ ಅಂಗಡಿಯಲ್ಲಿ ಯೂನಿಫಾರಂ ಬಟ್ಟೆಯ ಥಾನುಗಳ ನಡುವೆ ನಿಮ್ಮ ತಲೆಯೂ ಕಾಣಿಸುತ್ತಿರಲಿಕ್ಕಿಲ್ಲ. ಸಕ್ಕರೆಯ ಮಾತ್ರೆ ನುಂಗುತ್ತಿದ್ದೀರಿ ತಾನೆ? ಬೆಳಿಗ್ಗೆಯೂ ಗೋಳಿಬಜೆ, ಸಂಜೆಯೂ ಗೋಳಿಬಜೆ ಎಂದು ಹೋಟೆಲಿನ ಮುಂದೆ ನಿಲ್ಲಬೇಡಿ. ಯಶ್ಮಿತಾಳ ಪಾಪುವಿಗೆ ಈಗ ಕತ್ತು ನಿಂತಿದೆ. ಕವುಚಿ ಮಲಗಿಸಿದರೆ ಆಮೆಯ ಹಾಗೆ ತಲೆಯೆತ್ತಿ ಎಲ್ಲರನ್ನೂ ವಿಚಾರಿಸುತ್ತಾಳೆ. ಹುಬ್ಬು ನಿಮ್ಮದೇ, ಸಂಶಯವಿಲ್ಲ.

ಫೋನು ಇರುವಾಗ ಪತ್ರವೇಕೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಫೋನು ಬಂದರೆ ನೀವು ಅದನ್ನು ಸ್ಪೀಕರಿಗೆ ಹಾಕಿ, ಮೆಶಿನಿನ ಮೇಲಿಟ್ಟು, ಗುಂಡಿ ಹೊಲಿಯುತ್ತ ಮಾತಾಡುವವರು. ಬಟ್ಟೆ ಕತ್ತರಿಸುವ ಶೀನಪ್ಪ ನನ್ನ ಪ್ರತಿ ಮಾತಿಗೂ ನಿಮಗಿಂತ ಮೊದಲೇ "ಹೌದಾ ಅಕ್ಕಾ" ಎನ್ನುತ್ತಾನೆ. ಈಗ ಹೇಳುವುದು ಶೀನಪ್ಪನಿಗೆ ಹೇಳುವಂಥದ್ದಲ್ಲ. ನಮ್ಮ ಪಕ್ಕದ ಫ್ಲ್ಯಾಟಿನ ಹುಡುಗ ಲಿಯೊನೆಲ್ ಇವತ್ತು ಸಂಜೆಯ ವಿಮಾನಕ್ಕೆ ಮಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಟು ಹಾಕಿದ ಕವರು, ನೀವೇ ಒಡೆಯಿರಿ.

ಮೊದಲು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಕುರ್ಚಿಯಲ್ಲಿ ಕೂತು ಓದಿ. ನಿಮ್ಮ ಹೆಂಡತಿ ಇಲ್ಲಿ ಹೆಂಗಸರ ಬೆತ್ತಲೆ ಸ್ನಾನದ ಕ್ಲಬ್ಬು ನಡೆಸುತ್ತಿದ್ದಾಳೆ! ನಾನೇ ಶುರು ಮಾಡಿದ್ದು, ನಾನೇ ಅದರ ಯಜಮಾನಿ. ಅದಕ್ಕೊಂದು ಹೆಸರೂ ಇದೆ: ಬಚ್ಚಲು ಬಳಗ. ಈಗ ನೀವು ಕನ್ನಡಕ ತೆಗೆದು ಒರೆಸಿಕೊಳ್ಳುತ್ತೀರಿ. ಒರೆಸಿಕೊಂಡು ಮುಂದೆ ಓದಿ. ಇಡೀ ಜೀವಮಾನದಲ್ಲಿ ನಾನು ಇಷ್ಟು ಖುಷಿಯಲ್ಲಿ ಇದ್ದದ್ದಿಲ್ಲ.

ಬಾಣಂತನದ ಆರಂಭದಲ್ಲಿ ನಾನು ಫೋನಿನಲ್ಲಿ "ಯಶ್ಮಿತಾ ಚೆನ್ನಾಗಿದ್ದಾಳೆ" ಎನ್ನುತ್ತಿದ್ದೆನಲ್ಲ, ಅದು ಪೂರ್ತಿ ನಿಜವಾಗಿರಲಿಲ್ಲ. ಹೆರಿಗೆ ಸಸೂತ್ರವಾಗಿತ್ತು, ಹಾಲೂ ಇತ್ತು. ಆದರೆ ಹುಡುಗಿ ಮಂಕಾಗಿಬಿಟ್ಟಿದ್ದಳು. ಹಾಲು ಕುಡಿಸಿ ಮಗುವನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗುವಳು. ಬಚ್ಚಲಿನ ಕನ್ನಡಿಗೆ ಟವೆಲು ಹೊದಿಸಿದ್ದಳು. ಯಾಕೆಂದು ಕೇಳಿದರೆ, "ನೋಡ್ಲಿಕ್ಕೆ ಆಗುದಿಲ್ಲಮ್ಮ, ನಾನು ಒಡೆದ ಕುಂಬಳಕಾಯಿ ಹಾಗೆ ಆಗಿದ್ದೇನೆ" ಎಂದು ಅತ್ತಳು. ಹೊಟ್ಟೆಯ ಮೇಲೆ ಗೆರೆ ಬಿದ್ದಿತ್ತು, ಎಲ್ಲ ತಾಯಂದಿರಿಗೂ ಬೀಳುವುದೇ. ನಾನು ಹೇಳಿದರೆ ಅವಳು ನಂಬಬೇಕಲ್ಲ? ಅವಳು ಯಾವಾಗ ಬೇರೊಬ್ಬ ಹೆಂಗಸಿನ ಹೊಟ್ಟೆ ನೋಡಿದ್ದಾಳೆ! ಮೊಬೈಲಿನಲ್ಲಿ ಕಾಣುವವರೆಲ್ಲ ಹೊಟ್ಟೆಯೇ ಇಲ್ಲದವರು. ನನಗೆ ತಿಳಿದ ಮದ್ದು ಒಂದೇ. ತೆಂಗಿನೆಣ್ಣೆ ಬಿಸಿ ಮಾಡಿ, ನೆತ್ತಿಯಿಂದ ಪಾದದವರೆಗೆ ತಿಕ್ಕಿ, ಹೆಸರಿನ ಹಿಟ್ಟು ಹಚ್ಚಿ, ಬಿಸಿಬಿಸಿ ನೀರು ಹೊಯ್ದೆ. ದಾಸವಾಳದ ಎಲೆ ಎಲ್ಲಿಂದ ಎಂದು ಕೇಳುತ್ತೀರಾ? ಕಟ್ಟಡದ ತೋಟದಿಂದ! ಕಾವಲಿನವನು ಒಂದು ದಿನ ನನ್ನನ್ನು ಹಿಡಿದ. ನಾನು ಎಲೆ ಕಿವುಚಿ ಲೋಳೆ ಮಾಡಿ ತಲೆಗೆ ತಿಕ್ಕುವ ಹಾಗೆ ನಟಿಸಿ ತೋರಿಸಿದೆ. ಅವನಿಗೆ ಏನು ಅರ್ಥವಾಯಿತೋ, ಮರುದಿನದಿಂದ ನನ್ನನ್ನು ಕಂಡರೆ ತಾನೇ ಆಚೆ ತಿರುಗಿ ನಿಲ್ಲುತ್ತಿದ್ದ.

ಮೇಲಿನ ಮಹಡಿಯಲ್ಲಿ ಕ್ಯಾರಲ್ ಎಂಬ ಹುಡುಗಿ ಇದ್ದಾಳೆ, ಕಿನ್ನಿಗೋಳಿ ಕಡೆಯ ಕೊಂಕಣಿಯವಳು, ಹೋಟೆಲಿನಲ್ಲಿ ಕೋಣೆಗಳ ಮೇಲ್ವಿಚಾರಕಿ. ಒಂದು ದಿನ ಮಗುವನ್ನು ನೋಡಲು ಬಂದವಳು ಎಣ್ಣೆಯ ಪರಿಮಳಕ್ಕೆ ಬಚ್ಚಲಿನ ಬಾಗಿಲಲ್ಲೇ ನಿಂತಳು. "ಆಂಟಿ, ನಂಗೂ ಒಂದು ಸ್ನಾನ ಮಾಡಿಸಿ ಮಾರಾಯ್ರೆ. ಊರು ಬಿಟ್ಟ ಮೇಲೆ ನನ್ನ ಬೆನ್ನು ಯಾರೂ ಉಜ್ಜಲೇ ಇಲ್ಲ" ಎಂದಳು. ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಂಡರೆ ಕಣ್ಣಲ್ಲಿ ನೀರು! ಜನರ ಟವೆಲು ಮಡಚಿ ಮಡಚಿ ಸೋತ ಹುಡುಗಿ. ಅವಳಿಗೂ ಹೊಯ್ದೆ. ಅವಳು ತನ್ನ ಗೆಳತಿ ಜೋಯ್ಲಿನ್‌ಳನ್ನು ಕರೆತಂದಳು. ಈ ಜೋಯ್ಲಿನ್ ಅಲ್ ಐನ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಪೆಟ್ಟಾದವರ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾಳೆ, ರಜೆಯಲ್ಲಿ ಇಲ್ಲಿಗೆ ಬರುತ್ತಾಳೆ. ಹೀಗೆ ಜನ ಹೆಚ್ಚಿ, ಅಳಿಯ ಲತೇಶ್ ಆಫೀಸಿನಿಂದ ಬಂದರೆ ಕೈಕಾಲು ತೊಳೆಯಲು ಬಚ್ಚಲು ಖಾಲಿ ಇಲ್ಲ ಎನ್ನುವಂತಾಯಿತು.

ಆಗ ಕ್ಯಾರಲ್ ನಮ್ಮನ್ನು ಝುಲೈಖಳ ಹತ್ತಿರ ಕರೆದೊಯ್ದಳು. ಅವಳು ಮೊರೊಕ್ಕೊ ದೇಶದವಳು, ಹೆಂಗಸರ ಸಲೂನಿನ ಹಿಂದೆ ಅವಳದ್ದೊಂದು ಹಮ್ಮಾಮು, ಅಂದರೆ ಅವರ ದೇಶದ ಬಚ್ಚಲುಮನೆ. ಏನು ಬಚ್ಚಲು ಅಂತೀರಿ! ನಮ್ಮ ಅಂಗಡಿಯ ಎರಡು ಪಾಲು ದೊಡ್ಡದು, ನೆಲವೆಲ್ಲ ಬಿಸಿ ಕಲ್ಲು, ಮೈಮೇಲೆ ಮೋಡ ಇಳಿದ ಹಾಗೆ ಹಬೆ. ಬೆಲ್ಲದ ಪಾಕದಂಥ ಕಪ್ಪು ಸಾಬೂನು ಸವರಿ, ಒರಟು ಕೈಗವಸು ತೊಟ್ಟು ಉಜ್ಜಿದರೆ ಸೇವಿಗೆಯ ಹಾಗೆ ಕೊಳೆ ಉದುರುತ್ತದೆ. ದಿನಾ ಎರಡು ಸಲ ಮೀಯುವವಳೆಂದು ನನಗೆ ಅಹಂಕಾರವಿತ್ತು, ಮೊಣಕೈಯಿಂದ ಉದುರಿದ್ದು ಕಂಡು ಇಳಿಯಿತು. ಶುಕ್ರವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ನಮಾಜು ಮುಗಿಯುವ ತನಕ ಅವಳ ಅಂಗಡಿ ಮುಚ್ಚಿರುತ್ತದೆ. ಆ ಹೊತ್ತನ್ನು ನಮಗೆ ಬಿಟ್ಟುಕೊಟ್ಟಳು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಅವಳು ನನ್ನನ್ನು "ಮಾಮಾ" ಎನ್ನುತ್ತಾಳೆ, ಅಂದರೆ ಅಮ್ಮ; "ಯಲ್ಲಾ ಮಾಮಾ" ಎಂದರೆ ನೀರು ಹೊಯ್ಯಿ ಎಂದು, "ಖಲಾಸ್ ಮಾಮಾ" ಎಂದರೆ ಸಾಕು ನಿಲ್ಲಿಸು ಎಂದು. ಇಬ್ಬರು ಹೆಂಗಸರಿಗೆ ಒಂದು ಬಚ್ಚಲು ನಡೆಸಲು ಇಷ್ಟು ಭಾಷೆ ಸಾಕು.

ಅಲ್ಲಿ ಬಂದವರಿಗೆ ಕಾಗದದಂಥ ಚಡ್ಡಿ ಕೊಡುವ ಪದ್ಧತಿ. ಮೊದಲ ಶುಕ್ರವಾರ ಎಲ್ಲರೂ ಅದನ್ನು ಹಾಕಿಕೊಂಡು, ಮೇಲೆ ಟವೆಲು ಸುತ್ತಿ, ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ಕೂತರು. ಒಬ್ಬರನ್ನೊಬ್ಬರು ನೋಡುವುದಿಲ್ಲ, ಎಲ್ಲರ ಕಣ್ಣೂ ನಲ್ಲಿಯ ಮೇಲೆ. ಹಬೆಗೆ ಆ ಕಾಗದದ ಚಡ್ಡಿ ನೆನೆದು ಕ್ಯಾರಲ್ ಏಳುವಾಗ ಪರ್ರನೆ ಹರಿಯಿತು ನೋಡಿ! ಮೊದಲು ನಕ್ಕವಳು ಯಾರು ಗೊತ್ತೇ? ನಿಮ್ಮ ಮಗಳು. ಎರಡು ತಿಂಗಳಿನಿಂದ ನಗದ ಮಗಳು. ಕ್ಯಾರಲ್ ಉಳಿದ ಚೂರನ್ನೂ ಕಿತ್ತೆಸೆದು, "ಖಲಾಸ್! ಇನ್ನೆಂತ ಉಂಟು ಮುಚ್ಚಲಿಕ್ಕೆ" ಎಂದು ಕಲ್ಲಿನ ಮೇಲೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಟವೆಲು ಬಿಟ್ಟರು. ಆಗ ಯಶ್ಮಿತಾ ಕಣ್ಣರಳಿಸಿ ಸುತ್ತ ನೋಡಿದಳು. ಒಬ್ಬಳಿಗೆ ಹೊಟ್ಟೆಗೆ ಹೊಲಿಗೆ, ಇನ್ನೊಬ್ಬಳಿಗೆ ತೊಡೆ ತುಂಬ ಗೆರೆ, ಮತ್ತೊಬ್ಬಳ ಮೊಲೆ ಒಂದು ದೊಡ್ಡದು ಒಂದು ಚಿಕ್ಕದು. ಹತ್ತಿರ ಬಂದು ನನ್ನ ಕಿವಿಯಲ್ಲಿ, "ಅಮ್ಮಾ, ಎಲ್ಲರದ್ದೂ ಹೀಗೇ ಉಂಟಲ್ಲ!" ಎಂದಳು. ಮನೆಗೆ ಬಂದವಳೇ ಕನ್ನಡಿಯ ಟವೆಲು ತೆಗೆದು ಮಗುವಿನ ಮೈ ಒರೆಸಿದಳು. ಬಚ್ಚಲು ಬಳಗ ಹುಟ್ಟಿದ್ದು ಆ ದಿನ.

ಆಮೇಲೆ ನಾನು ಸುಮ್ಮನೆ ಕೂರುವವಳೇ? ಬಳಗಕ್ಕೆ ಬರುವವರು ಮೊಬೈಲನ್ನು ಹೊರಗಿನ ಬುಟ್ಟಿಯಲ್ಲಿ ಹಾಕಬೇಕು, ಬುಟ್ಟಿಗೆ ಝುಲೈಖ ಬೀಗ ಹಾಕುತ್ತಾಳೆ. ಒಳಗೆ ನೂಲೆಳೆಯೂ ಇರಬಾರದು. ಯಾರೂ ಯಾರ ಮೈಯ ಬಗ್ಗೆಯೂ ದಪ್ಪ, ಸಪೂರ, ಕಪ್ಪು, ಬಿಳಿ ಎನ್ನಬಾರದು. ಅಂದವರು ಉಳಿದವರೆಲ್ಲರ ಬೆನ್ನು ಉಜ್ಜಬೇಕು. ಮಂಗಳೂರು, ಉಡುಪಿ, ಕುಂದಾಪುರದವರು ಬಂದರು, ಒಬ್ಬಳು ಧಾರವಾಡದವಳೂ ಬಂದಳು. ಸಮುದ್ರಕ್ಕೂ ಹೀಗೇ ಹೋಗೋಣವೇ ಎಂದು ಒಬ್ಬಳು ಕೇಳಿದಾಗ ನಾನು ಗದರಿದೆ. ಇದು ಪರದೇಶ, ಕಡಲ ಬದಿಯಲ್ಲಿ ಪೊಲೀಸರಿದ್ದಾರೆ. ನಮ್ಮದು ಏನಿದ್ದರೂ ಗೋಡೆಯ ಒಳಗೆ, ಹೆಂಗಸರ ನಡುವೆ.

ಆದರೆ ಒಂದು ಮಾತು ನಿಮಗೆ ಹೇಳಬೇಕು. ಎಲ್ಲರ ಬಟ್ಟೆ ಬಿಚ್ಚಿಸಿದ ನಾನು ಮಾತ್ರ ನೈಟಿ ತೆಗೆಯಲಿಲ್ಲ. ನೀರು ಹೊಯ್ಯುವವಳು, ನಡೆಸುವವಳು ಎಂಬ ನೆಪ. ನೆನೆದು ಮೈಗಂಟಿದ ನೈಟಿಯಲ್ಲೇ ತಂಬಿಗೆ ಹಿಡಿದು ಓಡಾಡುತ್ತಿದ್ದೆ. ಕಾರಣ ನಿಮಗೆ ಗೊತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ತಾಯಿಮನೆಯ ಬಚ್ಚಲಿನ ಹಂಡೆ ಮಗುಚಿ ಎಡಭುಜದಿಂದ ಸೊಂಟದವರೆಗೆ ಬೆನ್ನು ಬೆಂದದ್ದು. ಅದು ಗೊತ್ತಿದ್ದೂ ನೀವು ಮದುವೆಯಾದದ್ದು. ಮೂವತ್ತನಾಲ್ಕು ವರ್ಷದಿಂದ ನನಗೆ ಮುಚ್ಚು ಕುತ್ತಿಗೆಯ, ಉದ್ದ ತೋಳಿನ ರವಿಕೆಯನ್ನೇ ನೀವು ಒಂದೂ ಪ್ರಶ್ನೆ ಕೇಳದೆ ಹೊಲಿದಿರಿ. ದೀಪ ಆರಿಸು ಎಂದು ನಾನು ಹೇಳುವ ಮೊದಲೇ ಆರಿಸಿದಿರಿ. ನೀವು ಮಾಡಿದ್ದು ಪ್ರೀತಿಯಿಂದ ಎಂದು ನನಗೆ ಗೊತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಯಶ್ಮಿತಾ ಕೂಡ ನನ್ನ ಬೆನ್ನು ನೋಡಿರಲಿಲ್ಲ. ಝುಲೈಖ ಮಾತ್ರ ಪ್ರತಿ ಶುಕ್ರವಾರ ನನ್ನ ನೈಟಿಯ ತುದಿ ಹಿಡಿದೆಳೆದು, ಹುಬ್ಬು ಹಾರಿಸಿ, "ಮಾಮಾ?" ಎನ್ನುತ್ತಿದ್ದಳು. "ಮಾಫಿ" ಎನ್ನುತ್ತಿದ್ದೆ ನಾನು. ಇಲ್ಲ ಎಂಬುದಕ್ಕೆ ಇಲ್ಲಿ ಹಾಗೆನ್ನುತ್ತಾರೆ.

ಯುಗಾದಿಯ ಸಂಜೆ ನಮ್ಮ ಕನ್ನಡದವರ ಕೂಟವಿತ್ತು. ಊಟದ ಸಾಲಿನಲ್ಲಿ ಅಲೆಕ್ಸಾಂಡರ್ ಎಂಬ ಹಿರಿಯರು, ಕೂಟದ ಕಾರ್ಯದರ್ಶಿ, ಹೋಳಿಗೆ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ, "ಏನ್ರೀ ಲತೇಶ್, ನಿಮ್ಮ ಅತ್ತೆಯವರು ಬೆತ್ತಲೆ ಕ್ಲಬ್ಬು ತೆಗೆದಿದ್ದಾರಂತೆ! ಗಂಡಸರಿಗೆ ಮೆಂಬರ್‌ಶಿಪ್ ಉಂಟಾ?" ಎಂದರು. ಜನ ಹೋ ಎಂದು ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು, ನಾಲಿಗೆಗೆ ಲಗಾಮಿಲ್ಲ ಅಷ್ಟೆ. ಆದರೆ ಲತೇಶ್ ಬಾಳೆಲೆಯ ಮೇಲಿನದ್ದು ಮುಟ್ಟಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತ, "ಮಾಮಿ, ತಪ್ಪು ತಿಳಿಯಬೇಡಿ. ನಾವಿಲ್ಲಿ ವೀಸಾದ ಮೇಲೆ ಇರುವವರು. ಯಾರಾದ್ರೂ ಒಂದು ಕಂಪ್ಲೇಂಟ್ ಕೊಟ್ಟರೆ ನನ್ನ ಕೆಲಸ ಹೋಯ್ತು, ಮನೆ ಹೋಯ್ತು. ಇದು ಬೇಡ" ಎಂದ. ಅವನ ಮನೆ, ಅವನ ಅನ್ನ. ಮರುದಿನವೇ ಬಳಗ ನಿಲ್ಲಿಸಿದೆ. ಝುಲೈಖಳಿಗೆ ವಿವರಿಸಲು ನನ್ನಲ್ಲಿ ಮಾತಿರಲಿಲ್ಲ. "ಖಲಾಸ್" ಎಂದೆ, ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

ಆ ವಾರವೇ ಕನ್ನಡಿಗೆ ಮತ್ತೆ ಟವೆಲು ಬಂತು. ಯಶ್ಮಿತಾ ನನ್ನೊಡನೆ ಜಗಳ ಮಾಡಿದ್ದರೆ ಸಮಾಧಾನವಾಗುತ್ತಿತ್ತು, ಅವಳು ಸುಮ್ಮನಾಗಿಬಿಟ್ಟಳು. ಮಗು ಅತ್ತರೆ ಕೇಳಿಸದವಳ ಹಾಗೆ ಕೂತಿರುವಳು. ನಿಮಗೆ ಫೋನು ಮಾಡಿ "ಎಲ್ಲ ಸೌಖ್ಯ" ಎಂದೆನಲ್ಲ, ಆ ದಿನಗಳವು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಜೋಸ್ಫಿನ್ ಬಾಯಿಯವರ ಫೋನು ಬಂತು. ಅದೇ ಅಲೆಕ್ಸಾಂಡರ್ ಅವರ ಹೆಂಡತಿ. ಇಗರ್ಜಿಯಲ್ಲಿ ಹಾಡುವವರು, ಸೀರೆಯ ನೆರಿಗೆ ಕೂದಲೆಳೆಯಷ್ಟೂ ಆಚೀಚೆ ಆಗದವರು. ಇವರೂ ಬೈಯುತ್ತಾರೆ ಎಂದುಕೊಂಡೆ. ಅವರು ಸಣ್ಣ ದನಿಯಲ್ಲಿ, "ಸ್ವರ್ಣಕ್ಕ, ಬಳಗ ನಿಂತಿತಾ? ನಾನು ಸೇರುವ ಮೊದಲೇ?" ಎಂದರು! ಬರಬೇಕೆಂದು ಗಂಡನ ಹತ್ತಿರ ಕೇಳಿದ್ದರಂತೆ. ಅದನ್ನೇ ಅಲೆಕ್ಸಾಂಡರ್ ಕೂಟದಲ್ಲಿ ನಗೆಯಾಟ ಮಾಡಿದ್ದು. ಆರು ವರ್ಷದ ಹಿಂದೆ ಕ್ಯಾನ್ಸರ್ ಎಂದು ಜೋಸ್ಫಿನ್ ಬಾಯಿಯವರ ಬಲಮೊಲೆ ತೆಗೆದಿದ್ದಾರೆ. ಅಂದಿನಿಂದ ರವಿಕೆಯೊಳಗೆ ಅರಿವೆಯ ಉಂಡೆ ಇಟ್ಟುಕೊಳ್ಳುತ್ತಾರೆ. "ನನಗೆ ಒಮ್ಮೆ ಉಳಿದವರ ಹಾಗೆ ಕೂತು ಸ್ನಾನ ಮಾಡಬೇಕು ಅಕ್ಕ, ಅಷ್ಟೇ" ಎಂದರು. ನಾನು ಫೋನು ಹಿಡಿದು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇದನ್ನು ನಿಮಗೆ ಬರೆಯಬಹುದೇ ಎಂದು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೆಯಿರಿ, ಇನ್ನು ನನಗೆ ಗುಟ್ಟಿಲ್ಲ" ಎಂದಿದ್ದಾರೆ.

ಲತೇಶನಿಗೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ಆದರೆ ಅವನೇ ಬಂದ. ಅಲ್ ಮೀನಾ ಮಾರುಕಟ್ಟೆಗೆ ಹೋಗಿ ಬಂಗುಡೆ ತಂದಿದ್ದ, ಮೀನಿನ ಮಾರುಕಟ್ಟೆಯ ವಾಸನೆಗೆ ಮೂಗು ಮುಚ್ಚುವ ಹುಡುಗ! ಚೀಲವನ್ನು ಕಟ್ಟೆಯ ಮೇಲಿಟ್ಟು ಹೋಗದೆ ನಿಂತ. "ಮಾಮಿ, ನಿಮ್ಮ ಆ ಶುಕ್ರವಾರದ್ದು ಪುನಃ ಶುರು ಮಾಡಿ ಮಾರಾಯ್ರೆ. ಅವಳು ನಗುದನ್ನೇ ಬಿಟ್ಟಿದ್ದಾಳೆ" ಎಂದ. ವೀಸಾದ ಕತೆ ಏನು ಎಂದೆ. ಆಫೀಸಿನಲ್ಲಿ ವೀಸಾದ ಕೆಲಸ ನೋಡುವ ಅರಬನನ್ನೇ ಕೇಳಿದನಂತೆ. ಮುಚ್ಚಿದ ಬಾಗಿಲಿನೊಳಗೆ ಹೆಂಗಸರು ಸ್ನಾನ ಮಾಡಿದರೆ ನಿನಗೇನು ಕಷ್ಟ, ನನ್ನ ತಾಯಿ ಹಮ್ಮಾಮಿಗೆ ಹೋಗುತ್ತಾಳೆ, ನನ್ನ ಹೆಂಡತಿಯೂ ಹೋಗುತ್ತಾಳೆ ಎಂದು ಅವನು ನಕ್ಕನಂತೆ. ನನಗೆ ಅಳಿಯನನ್ನು ತಬ್ಬಿಕೊಳ್ಳುವಷ್ಟು ಸಂತೋಷ. ತಬ್ಬಿಕೊಳ್ಳಲಿಲ್ಲ, ಕೈಯಲ್ಲಿ ಮೀನಿತ್ತು. ಹೆಚ್ಚಿನ ಎರಡು ತುಂಡು ಬಡಿಸಿದೆ.

ಮತ್ತೆ ಶುರುಮಾಡುವಾಗ ಅದ್ಧೂರಿಯಾಗಿಯೇ ಮಾಡೋಣ ಎಂದು ಜೋಯ್ಲಿನ್ ಒಂದು ಉಪಾಯ ಹೇಳಿದಳು. ಅಲ್ ಐನ್‌ನಲ್ಲಿ ಖರ್ಜೂರದ ತೋಟದ ನಡುವೆ ದಿನದ ಬಾಡಿಗೆಗೆ ಮನೆಗಳು ಸಿಗುತ್ತವೆ. ಸುತ್ತ ಎರಡಾಳು ಎತ್ತರದ ಗೋಡೆ, ಒಳಗೆ ಈಜುಕೊಳ, ಮೇಲೆ ಬರೀ ಆಕಾಶ. ಮೊನ್ನೆ ಶುಕ್ರವಾರ ಹೋಗಿಬಂದೆವು! ಬಿಸಿಲು ಏರುವ ಮೊದಲೇ ತಲುಪಬೇಕೆಂದು ಬೆಳಕು ಹರಿಯುವಾಗ ಹೊರಟೆವು, ಝುಲೈಖಳೂ ಸೇರಿ ಹದಿಮೂರು ಮಂದಿ. ಒಂದು ವ್ಯಾನು, ಒಂದು ಕಾರು. ಕಾರು ಯಾರದ್ದು? ಅಲೆಕ್ಸಾಂಡರ್ ಅವರದ್ದು! "ನೀವು ನಕ್ಕದ್ದಕ್ಕೆ ನೀವೇ ಬಿಟ್ಟು ಬನ್ನಿ" ಎಂದು ಜೋಸ್ಫಿನ್ ಬಾಯಿ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರಂತೆ. ನಮ್ಮನ್ನು ಗೇಟಿನೊಳಗೆ ಬಿಟ್ಟು, ಅವರೂ ಲತೇಶನೂ ಪಾಪುವನ್ನೂ ಹಾಲಿನ ಬಾಟಲಿಯನ್ನೂ ತೆಗೆದುಕೊಂಡು ತಂಪಾದ ಯಾವುದೋ ಮಾಲಿಗೆ ಹೋದರು.

ಒಳಗೆ ಎಲ್ಲರೂ ಬಟ್ಟೆ ಬಿಚ್ಚಿ ಕೊಳದ ಕಡೆ ಓಡಿದರು. ಹಬೆಯಲ್ಲಿ ಒಂದು ರೀತಿ, ಬಯಲ ಬೆಳಕಿನಲ್ಲಿ ಇನ್ನೊಂದು ರೀತಿ; ಮೊದಲು ಎಲ್ಲರೂ ಮೈ ಕುಗ್ಗಿಸಿಕೊಂಡರು, ಎಳೆ ಬಿಸಿಲು ತಾಗಿದ ಮೇಲೆ ಸಡಿಲವಾದರು. ಜೋಸ್ಫಿನ್ ಬಾಯಿ ಮಾತ್ರ ಖರ್ಜೂರದ ಮರದ ಕೆಳಗೆ ಸೀರೆ ಉಟ್ಟೇ ಕೂತಿದ್ದರು. ಯಾರೂ ಒತ್ತಾಯ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಎದ್ದು, ಸೀರೆ ಬಿಚ್ಚಿ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟರು. ರವಿಕೆ ತೆಗೆದರು, ಒಳಗಿನ ಅರಿವೆಯ ಉಂಡೆ ತೆಗೆದು ಸೀರೆಯ ಮೇಲಿಟ್ಟರು. ಎದೆಯ ಬಲಗಡೆ ಚಪ್ಪಟೆ, ಅಡ್ಡಕ್ಕೆ ಒಂದು ಹೊಲಿಗೆ. ನೀರಿನಲ್ಲಿದ್ದವರೆಲ್ಲ ಅವರತ್ತ ತಿರುಗಿದರು. ಜೋಸ್ಫಿನ್ ಬಾಯಿ ಮೆಟ್ಟಿಲಿಳಿದು, ಸೊಂಟದವರೆಗೆ ನೀರಿಗೆ ಬಂದು, "ಎಂತ ನೋಡುದು? ಯಾರಾದರೂ ಬೆನ್ನು ಉಜ್ಜುವವರು ಇದ್ದೀರಾ?" ಎಂದರು. ಕ್ಯಾರಲ್, ಯಶ್ಮಿತಾ, ಇಬ್ಬರೂ ಒಟ್ಟಿಗೆ ಹೋಗಿ ಡಿಕ್ಕಿ ಹೊಡೆದುಕೊಂಡರು!

ಆಗಲೇ ಗೇಟಿನ ಗಂಟೆ ಬಾರಿಸಬೇಕೇ! ಅಯ್ಯೋ, ಆ ಗಲಾಟೆ ನೀವು ನೋಡಬೇಕಿತ್ತು. ಅಲ್ಲ, ನೀವು ನೋಡಬಾರದಿತ್ತು. ದಡದಲ್ಲಿದ್ದವರೆಲ್ಲ ಕಪ್ಪೆಗಳ ಹಾಗೆ ಧುಮುಧುಮು ನೀರಿಗೆ ಹಾರಿದರು. ಧಾರವಾಡದವಳು ಪ್ಲಾಸ್ಟಿಕ್ ಬಕೆಟನ್ನು ತಲೆಯ ಮೇಲೆ ಕವುಚಿಕೊಂಡು, "ನಾ ಯಾರಂತ ಗೊತ್ತಾಗಬಾರದ್ರೀ" ಎಂದಳು. ಬಟ್ಟೆ ಹಾಕಿಕೊಂಡಿದ್ದವಳು ನಾನೊಬ್ಬಳೇ. ಗೇಟಿಗೆ ಓಡಿದೆ. ನೀರಿನ ಟ್ಯಾಂಕರಿನವನು, ಒಳಗೆ ಬಂದು ಪೈಪು ಹಾಕಬೇಕೆನ್ನುತ್ತಾನೆ. "ಮಾಫಿ! ಲೇಡೀಸ್! ಬಾದ್ ಮೇ ಆವೋ!" ಎಂದೆ. "ಅಮ್ಮಾ, ಪಾಂಚ್ ಮಿನಿಟ್" ಎಂದ. "ಪಾಂಚ್ ನಹೀ, ಖಲಾಸ್!" ಎಂದು ನನಗೆ ಬರುವ ಮೂರು ಭಾಷೆಯಲ್ಲಿ ಅಬ್ಬರಿಸಿದೆ. ಪಾಪ, ಲಾರಿ ಹಿಂದೆ ತೆಗೆದುಕೊಂಡು ಹೋಗಿಯೇಬಿಟ್ಟ.

ತಿರುಗಿ ಬಂದರೆ, ನೀರಿನ ಮೇಲೆ ಹನ್ನೆರಡು ತಲೆಗಳು, ಎಲ್ಲವೂ ನಗುತ್ತಿವೆ. ನಾನು ದಡದಲ್ಲಿ ಒಣಗಿದ ನೈಟಿಯಲ್ಲಿ ಕಾವಲಿನವಳ ಹಾಗೆ ನಿಂತಿದ್ದೇನೆ. ಜೋಸ್ಫಿನ್ ಬಾಯಿಯವರು ಕೂಡ ನೀರಿನೊಳಗೆ, ನಾನೊಬ್ಬಳೇ ಹೊರಗೆ. ಆ ಕ್ಷಣ ನನಗೆ ಎಷ್ಟು ನಾಚಿಕೆಯಾಯಿತು ಎಂದರೆ, ಮೈಮೇಲೆ ಬಟ್ಟೆ ಇರುವುದಕ್ಕೆ ನಾಚಿಕೆ! ಜೀವಮಾನದಲ್ಲಿ ಮೊದಲ ಸಲ. ಗುಂಡಿಗಳಿಗೆ ಕೈ ಹಾಕಿದೆ. ಎಳೆದ ರಭಸಕ್ಕೆ ಒಂದು ಗುಂಡಿ ಕಿತ್ತು ನೀರಿಗೆ ಹಾರಿತು. ನೈಟಿ ಜಾರಿ ಕಾಲ ಬುಡಕ್ಕೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡು ಅವರಿಗೆ ಬೆನ್ನು ಹಾಕಿಯೇ ಮೆಟ್ಟಿಲಿಳಿದೆ. ನೋಡುವುದಿದ್ದರೆ ಮೊದಲು ಅದನ್ನೇ ನೋಡಿಬಿಡಲಿ ಎಂದು.

ಬೆನ್ನಿಗೆ ಬಿಸಿಲು ತಾಗುವುದು ಹೇಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಯಶ್ಮಿತಾ ಹಿಂದಿನಿಂದ ಬಂದು ಅಂಗೈ ಇಟ್ಟಳು. "ಅಮ್ಮಾ, ನೋವುಂಟಾ?" ಎಂದಳು. ಇಲ್ಲ ಮಗಾ, ಅಲ್ಲಿ ಮುಟ್ಟಿದ್ದೇ ಸರಿಯಾಗಿ ತಿಳಿಯುವುದಿಲ್ಲ ಎಂದೆ. ಹಂಡೆಯ ಕತೆ ಹೇಳಿದೆ, ನನ್ನ ಮಗಳಿಗೆ, ಮೂವತ್ತು ದಾಟಿದ ಮಗಳಿಗೆ, ಮೊದಲ ಸಲ. ಅವಳು ಅಳುತ್ತಾಳೆ ಎಂದುಕೊಂಡೆ. ಅವಳು, "ನನ್ನ ನಾಲ್ಕು ಗೆರೆ ನೋಡಿ ನಾನು ಎಷ್ಟು ಅತ್ತೆ, ನೀನು ಒಂದು ಮಾತು ಹೇಳ್ಲಿಲ್ಲವಲ್ಲ ಅಮ್ಮ" ಎಂದು ನನಗೇ ಜೋರು ಮಾಡಿದಳು. ಮಗಳು ಮೊದಲಿನ ಹಾಗೆ ಜೋರು ಮಾಡುತ್ತಿದ್ದಾಳೆ ಎಂಬ ಸಂತೋಷಕ್ಕೆ ನನಗೆ ಅಳು ಬಂತು. ಝುಲೈಖ ತನ್ನ ಕೈಗವಸು ತೊಟ್ಟು, ಕಲೆಯಿದ್ದಲ್ಲಿ ಮೆಲ್ಲಗೆ, ಇಲ್ಲದಲ್ಲಿ ಗಟ್ಟಿಯಾಗಿ, ನನ್ನನ್ನು ಪಾತ್ರೆ ಬೆಳಗಿದ ಹಾಗೆ ಉಜ್ಜಿದಳು. ಎಡಗೈ ಎತ್ತಿಸಿ ಕಂಕುಳು ಉಜ್ಜಲು ನೋಡಿದಳು. ನಿಮಗೆ ಗೊತ್ತಲ್ಲ, ಚರ್ಮ ಎಳೆದುಕೊಂಡು ಭುಜದ ಮಟ್ಟಕ್ಕೇ ನಿಲ್ಲುತ್ತದೆ. ಜೋಯ್ಲಿನ್ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಕೋಳಿ ಸುಕ್ಕ, ನೀರುದೋಸೆ. ಎಲ್ಲರೂ ಬೆಡ್‌ಶೀಟು ಸುತ್ತಿಕೊಂಡೇ ಉಂಡರು. ಸಂಜೆ ಅಲೆಕ್ಸಾಂಡರ್ ಕಾರು ತಂದಾಗ ಅವರ ಅಂಗಿಯ ಭುಜದ ತುಂಬ ನಿಮ್ಮ ಮೊಮ್ಮಗಳು ಕಕ್ಕಿದ ಹಾಲು! ಅವರು ಹೆಂಡತಿಯ ಮುಖ ನೋಡಿ, ಕಾರಿನ ಬಾಗಿಲು ತೆರೆದು ಹಿಡಿದು, "ಮುಂದೆ ಕೂತುಕೋ ಜೋಸ್ಫಿನ್" ಎಂದರು. ಜೋಸ್ಫಿನ್ ಬಾಯಿ ಮುಂದೆ ಕೂತರು. ಆ ಅರಿವೆಯ ಉಂಡೆ ತೋಟದ ಮನೆಯಲ್ಲೇ ಉಳಿದಿದೆಯೆಂದು ಅರ್ಧ ದಾರಿಯಲ್ಲಿ ನೆನಪಾಯಿತಂತೆ, ಹಿಂದೆ ಹೋಗಲಿಲ್ಲವಂತೆ.

ಇನ್ನು ನಾನು ಊರಿಗೆ ಬಂದ ಮೇಲೆ ಬಳಗವನ್ನು ಜೋಸ್ಫಿನ್ ಬಾಯಿಯವರೇ ನಡೆಸುತ್ತಾರೆ. ದುಬಾಯಿಯ ಹೆಂಗಸರೂ ನಮಗೂ ಒಂದು ಶಾಖೆ ಬೇಕೆಂದು ಫೋನು ಮಾಡುತ್ತಿದ್ದಾರೆ, ನೋಡಿ ನಿಮ್ಮ ಹೆಂಡತಿಯ ಕೀರ್ತಿ! ಯಶ್ಮಿತಾ ಬೆಳಿಗ್ಗೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ತಾನೇ ಮೀಯಿಸುತ್ತಾಳೆ, ಹಾಡಿಕೊಂಡು. ನಿಮಗೆ ಅವಳ, ಲತೇಶನ ನಮಸ್ಕಾರ, ಪಾಪುವಿನ ಒದ್ದೆ ಮುತ್ತು. ಶೀನಪ್ಪನಿಗೆ ನನ್ನ ನೆನಪು ತಿಳಿಸಿ, ಪತ್ರ ತೋರಿಸಬೇಡಿ. ಮುಂಡಿತ್ತಾಯ ದೈವ ನಿಮ್ಮನ್ನು ಕಾಯಲಿ, ಗೋಳಿಬಜೆಯಿಂದಲೂ ಕಾಯಲಿ.

ಇತಿ ನಿಮ್ಮ,
ಸ್ವರ್ಣಲತಾ
ಬಚ್ಚಲು ಬಳಗದ ಯಜಮಾನಿ

ಮರೆತ ಮಾತು: ಲಿಯೊನೆಲ್ ಕೆಳಗೆ ಟ್ಯಾಕ್ಸಿಯಲ್ಲಿ ಕೂತು ಫೋನು ಮಾಡುತ್ತಿದ್ದಾನೆ. ಹೇಳಬೇಕಾದದ್ದನ್ನೇ ಬಿಟ್ಟು ಇಷ್ಟುದ್ದ ಬರೆದೆ. ನನ್ನ ಕಂಕುಳಿನ ಚರ್ಮವನ್ನು ಆಪರೇಷನ್ ಮಾಡಿ ಬಿಡಿಸಬಹುದಂತೆ, ಕೈ ಮೇಲೆತ್ತಲು ಆಗಬಹುದಂತೆ, ಇಷ್ಟು ವರ್ಷದ ಮೇಲೂ. ಜೋಯ್ಲಿನ್ ಮಂಗಳೂರಿನ ಡಾಕ್ಟರರ ಹತ್ತಿರ ಮಾತಾಡಿದ್ದಾಳೆ, ಜೂನ್ ಮೊದಲ ವಾರ ಬನ್ನಿ ಎಂದಿದ್ದಾರೆ. ನೀವು ಎಷ್ಟು ಸಲ ತೋರಿಸೋಣ ಎಂದಿದ್ದಿರಿ, ಪ್ರತಿ ಸಲ ನಾನು ಬೇಡವೆಂದಿದ್ದೆ. ಈ ಸಲ ಹೂಂ ಎಂದಿದ್ದೇನೆ. ನೀವು ಜೊತೆಗೆ ಬರಬೇಕು. ಆದರೆ ಡಾಕ್ಟರು ನೋಡುವ ಮೊದಲು ನೀವು ನೋಡಬೇಕು. ಅಷ್ಟು ಹೆಂಗಸರು ನೋಡಿಯಾಯಿತು, ನನ್ನ ಗಂಡ ನೋಡಿಲ್ಲವೆಂದರೆ ಹೇಗೆ? ಹಗಲಿನಲ್ಲಿ, ಒಳ್ಳೆಯ ಬೆಳಕಿನಲ್ಲಿ. ಯೂನಿಫಾರಮಿನ ಗಿರಾಕಿಗಳು ಬೈಯುತ್ತಾರೆ, ಬೈಯಲಿ. ನಾನು ಬಂದ ಮರುದಿನ ಅಂಗಡಿ ತೆರೆಯಬೇಡಿ.